ಇಂದಿನ ಧಮ್ಮ ಚಿಂತನೆ: ‘ಬರಬೇಕು ಅಂತಿದ್ದೆ’





ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ನಮ್ಮ ಅಧ್ಯಯನ ಬಳಗದಲ್ಲಿ ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಅಷ್ಟಾಂಗ ಮಾರ್ಗದ ಎರಡನೆಯ ಅಂಗವಾದ ‘ಸಮ್ಮಾ ಸಂಕಪ್ಪ’, ಅಂದರೆ ಸಮ್ಯಕ್ ಸಂಕಲ್ಪದ ಬಗ್ಗೆ ಬರೆಯಿರಿ ಎಂದು ಬಳಗದ ಹಿರಿಯರು ಹೇಳಿದ್ದಾರೆ. ನಾನು ಕನ್ನಡ ಕಲಿಸುವವಳು. ಸುತ್ತಗಳ ಪಾಂಡಿತ್ಯ ನನಗಿಲ್ಲ. ಹಾಗಾಗಿ ನನಗೆ ಗೊತ್ತಿರುವ ದಾರಿಯಲ್ಲೇ, ಒಂದು ಪದದ ಕೈ ಹಿಡಿದು ಹೋಗುತ್ತೇನೆ. ಆ ಪದ ಕನ್ನಡದ್ದಲ್ಲ. ಇಂಗ್ಲಿಷಿನ ‘ಇಂಟೆಂಡ್’.

*ತರಗತಿಯಲ್ಲಿ ಬಂದ ಪ್ರಶ್ನೆ*

ಹೋದ ವಾರ ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ತರಬೇತಿಗೆ ಹೋಗಿದ್ದರು. ಒಂಬತ್ತನೇ ತರಗತಿಯ ಅವರ ಪಿರಿಯಡ್ ನನಗೆ ಬಂತು. ಪಾಠದಲ್ಲಿ ‘ಇಂಟೆಂಡ್’ ಅನ್ನುವ ಕ್ರಿಯಾಪದ ಇತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮಿಸ್, ಇಂಟೆಂಡ್ ಅಂದ್ರೆ ವಾಂಟ್ ಅಂತಾನಾ?’ ಅಂದಳು.

‘ಅಲ್ಲಮ್ಮ, ಉದ್ದೇಶಿಸು ಅಂತ’ ಅಂದೆ.

‘ಉದ್ದೇಶಿಸು ಅಂದ್ರೆ?’

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪ್ರಶ್ನೆ ಸರಿಯಾಗೇ ಇತ್ತು. ‘ನಾನು ನಾಳೆ ಸಂತೆಗೆ ಹೋಗಲು ಉದ್ದೇಶಿಸಿದ್ದೇನೆ’ ಅಂತ ಯಾರ ಮನೆಯಲ್ಲಿ ಮಾತಾಡುತ್ತಾರೆ? ಉದ್ದೇಶಿಸುವುದೆಲ್ಲ ಇಲಾಖೆಯ ಸುತ್ತೋಲೆಯಲ್ಲಿ ಮಾತ್ರ. ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆದೆ.

‘ಐ ವಾಂಟ್ ಟು ಗೋ ಟು ಪಾವಗಡ.’ ಹೋಗಬೇಕು ಅಂತ ಆಸೆ ಇದೆ, ಅಷ್ಟೆ.
‘ಐ ಹೋಪ್ ಟು ಗೋ ಟು ಪಾವಗಡ.’ ಹೋಗುವ ಆಸೆ ಇದೆ, ಆದರೆ ಅದು ನನ್ನೊಬ್ಬಳ ಕೈಯಲ್ಲಿಲ್ಲ.
‘ಐ ಇಂಟೆಂಡ್ ಟು ಗೋ ಟು ಪಾವಗಡ.’ ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ.
‘ಐ ಪ್ಲಾನ್ ಟು ಗೋ ಟು ಪಾವಗಡ.’ ಯಾವ ದಿನ, ಯಾವ ಬಸ್ಸು ಅಂತಲೂ ಯೋಚಿಸಿದ್ದೇನೆ.

ಮಕ್ಕಳಿಗೆ ವ್ಯತ್ಯಾಸ ಹಿಡಿಯಲು ಒಂದು ಪರೀಕ್ಷೆ ಹೇಳಿಕೊಟ್ಟೆ. ಆಗದಿರುವುದನ್ನೂ ನಾವು ‘ವಾಂಟ್’ ಮಾಡಬಹುದು. ಇನ್ನೂ ನಾಲ್ಕು ಇಂಚು ಎತ್ತರ ಇದ್ದಿದ್ದರೆ ಚೆನ್ನಾಗಿತ್ತು, ನಾಳೆ ಮಳೆ ಬಂದರೆ ಸಾಕು ಅಂತೆಲ್ಲ ಆಸೆಪಡಬಹುದು. ಆದರೆ ಎತ್ತರವನ್ನೋ ಮಳೆಯನ್ನೋ ಯಾರೂ ‘ಇಂಟೆಂಡ್’ ಮಾಡಲಾರರು. ನಮ್ಮ ಕೈಲಿ ಮಾಡಲು ಆಗುವುದನ್ನು ಮಾತ್ರ ‘ಇಂಟೆಂಡ್’ ಮಾಡಬಹುದು. ಇನ್ನೊಂದು, ಇಷ್ಟವಿಲ್ಲದ್ದನ್ನೂ ‘ಇಂಟೆಂಡ್’ ಮಾಡಬಹುದು. ಹುಳುಕು ಹಲ್ಲು ಕೀಳಿಸಿಕೊಳ್ಳುವ ಆಸೆ ಯಾರಿಗೂ ಇರುವುದಿಲ್ಲ, ಆದರೂ ನಾಳೆ ಕೀಳಿಸಿಕೊಳ್ಳುವುದೇ ಅಂತ ತೀರ್ಮಾನ ಮಾಡುತ್ತೇವೆ. ಅಂದಮೇಲೆ ‘ಇಂಟೆಂಡ್’ ಆಸೆಯ ಹೆಸರಲ್ಲ, ತೀರ್ಮಾನದ ಹೆಸರು.

ಈ ಪದದ ಮೂಲ ಲ್ಯಾಟಿನ್. ಅಲ್ಲಿ ‘ತೆಂದೆರೆ’ ಅಂದರೆ ಎಳೆದು ಚಾಚುವುದು, ಬಿಗಿಯುವುದು. ಬಟ್ಟೆ ಎಳೆದು ಕಟ್ಟಿದರೆ ‘ಟೆಂಟ್’. ಮನಸ್ಸು ಬಿಗಿದುಕೊಂಡರೆ ‘ಟೆನ್ಷನ್’. ಮನಸ್ಸನ್ನು ಒಂದು ಕೆಲಸದ ಕಡೆ ಚಾಚಿದರೆ ‘ಇಂಟೆಂಡ್’. ನಾವು ಶಾಲೆಯವರು ದಿನಾ ಹಿಡಿಯುವ ‘ಅಟೆಂಡೆನ್ಸ್’ ಪುಸ್ತಕದ ‘ಅಟೆಂಡ್’ ಕೂಡ ಇದೇ ಬೇರಿನದು. ಪರೀಕ್ಷೆ ಬಂದರೆ ಬರುವ ‘ಸೂಪರಿಂಟೆಂಡೆಂಟ್’ ಒಳಗೂ ‘ಇಂಟೆಂಡ್’ ಅಡಗಿದೆ. ಇದನ್ನು ಹೇಳಿದಾಗ ಮಕ್ಕಳಿಗೆ ಖುಷಿಯಾಯಿತು.

ಆಮೇಲೆ ಭೂತಕಾಲಕ್ಕೆ ಬಂದೆ. ಎರಡು ವಾಕ್ಯ ಬರೆದೆ.

‘ಐ ಹ್ಯಾಡ್ ಇಂಟೆಂಡೆಡ್ ಟು ಕಮ್.’ ಬರಬೇಕು ಅಂತಿದ್ದೆ.
‘ಐ ಡಿಡ್ ನಾಟ್ ಇಂಟೆಂಡ್ ಟು ಹರ್ಟ್ ಯು.’ ನಿನಗೆ ನೋವು ಮಾಡಬೇಕು ಅಂತ ಮಾಡಿದ್ದಲ್ಲ.

ಮೊದಲನೆಯದನ್ನು ಓದಿಸಿ, ‘ಈ ಮನುಷ್ಯ ಬಂದನೋ ಇಲ್ಲವೋ?’ ಅಂತ ಕೇಳಿದೆ. ‘ಬರಲಿಲ್ಲ ಮಿಸ್’ ಅಂತ ಇಡೀ ತರಗತಿ ಹೇಳಿತು. ವಾಕ್ಯದಲ್ಲಿ ‘ಬರಲಿಲ್ಲ’ ಅನ್ನುವ ಪದವೇ ಇಲ್ಲ. ಆದರೂ ಎಲ್ಲರಿಗೂ ಗೊತ್ತಾಯಿತು. ಎರಡನೆಯದನ್ನು ಓದಿಸಿ, ‘ನೋವಾಯಿತೋ ಇಲ್ಲವೋ?’ ಅಂದೆ. ‘ಆಯ್ತು ಮಿಸ್’ ಅಂದರು.

ಆ ಎರಡು ವಾಕ್ಯ ನೋಡುತ್ತಾ ನಿಂತಿದ್ದ ನನಗೆ ಮುಂದೆ ಪಾಠ ಮಾಡಲು ಸ್ವಲ್ಪ ಹೊತ್ತು ಆಗಲಿಲ್ಲ. ಯಾಕೆಂದರೆ ಆ ಎರಡೂ ವಾಕ್ಯಗಳನ್ನು ನಾನು ಒಂದೇ ದಿನ, ಒಂದೇ ಮನೆಯಲ್ಲಿ, ಒಬ್ಬ ತಾಯಿಯ ಮುಂದೆ ಹೇಳಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ಭಾಷೆಯ ಒಂದು ಮಾತು.

*ನಮ್ಮ ಮಾತಿನಲ್ಲಿ*

‘ಉದ್ದೇಶಿಸು’ ಅನ್ನದ ನಮ್ಮ ಜನ ಈ ಅರ್ಥವನ್ನು ಹೇಗೆ ಹೇಳುತ್ತಾರೆ? ಎರಡೇ ಸಣ್ಣ ಪದದಲ್ಲಿ ಹೇಳುತ್ತಾರೆ: ‘ಬೇಕು’ ಮತ್ತು ‘ಅಂತ’. ‘ಬರಬೇಕು ಅಂತ ಇದ್ದೆ.’ ‘ಬೇಕು ಅಂತ ಮಾಡ್ಲಿಲ್ಲ.’ ಬೇಕು ಅನ್ನುವುದು ಬಯಕೆ, ಅಂತ ಅನ್ನುವುದು ‘ಅನ್ನು’ ಧಾತುವಿನಿಂದ ಬಂದದ್ದು, ಅಂದರೆ ಹೇಳುವುದು. ತನಗೆ ತಾನೇ ‘ಬೇಕು’ ಅಂತ ಹೇಳಿಕೊಳ್ಳುವುದೇ ಕನ್ನಡದಲ್ಲಿ ಉದ್ದೇಶ. ‘ಅಂದುಕೊಂಡೆ’, ನಮ್ಮ ಕಡೆಯ ಮಾತಿನಲ್ಲಿ ‘ಅನ್ಕಂಡೆ’, ಅನ್ನುವುದೂ ಅದೇ. ಬೇರೆಯವರಿಗೆ ಅಂದದ್ದಲ್ಲ, ತನ್ನೊಳಗೇ ಅಂದುಕೊಂಡದ್ದು.

ಮೂರು ಕಡೆ ಆಂಧ್ರ ಇರುವ ಪಾವಗಡದ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ಅವರು ‘ರಾವಾಲನುಕುನ್ನಾನು’ ಅನ್ನುತ್ತಾರೆ. ಬಿಡಿಸಿ ನೋಡಿದರೆ ಅದೂ ‘ಬರಬೇಕು ಅಂದುಕೊಂಡೆ’. ಅಕ್ಕಪಕ್ಕದ ಎರಡು ಭಾಷೆಗಳೂ ಮನಸ್ಸಿನ ಈ ಕೆಲಸವನ್ನು ಒಳಗೇ ಆಡಿಕೊಂಡ ಮಾತು ಅಂತಲೇ ಗುರುತಿಸಿವೆ.

1687ರಿಂದ ಮೊಗಲರ ಪ್ರಾಂತ್ಯದ ಕೇಂದ್ರವಾಗಿದ್ದ ಶಿರಾದ ಕಡೆ ಬಂದರೆ ಇನ್ನೊಂದು ಪದ ಸಿಗುತ್ತದೆ. ನಮ್ಮ ಮುಸ್ಲಿಂ ಸಹೋದ್ಯೋಗಿಗಳು ನಮಾಜಿಗೆ, ರೋಜಾಕ್ಕೆ ಮುಂಚೆ ‘ನಿಯತ್’ ಮಾಡುತ್ತಾರೆ. ಅರಬ್ಬಿಯಲ್ಲಿ ಅದಕ್ಕೆ ಸಂಕಲ್ಪ, ಉದ್ದೇಶ ಅಂತಲೇ ಅರ್ಥ. ಆ ಪದ ಕನ್ನಡಕ್ಕೆ ‘ನಿಯತ್ತು’ ಆಗಿ ಬಂತು. ಆದರೆ ‘ನಿಯತ್ತಿನ ಮನುಷ್ಯ’ ಅಂದಾಗ ನಮ್ಮ ಹಳ್ಳಿಯವರ ಮನಸ್ಸಿನಲ್ಲಿರುವುದು ಒಳ್ಳೆಯ ಉದ್ದೇಶ ಇಟ್ಟುಕೊಂಡವನಲ್ಲ, ಹೇಳಿದಂತೆ ನಡೆದುಕೊಳ್ಳುವವನು. ಒಳಗಿನ ಉದ್ದೇಶದ ಹೆಸರು ಕನ್ನಡದಲ್ಲಿ ಹೊರಗಿನ ನಡತೆಯ ಹೆಸರಾಯಿತು. ಓದುಬರಹ ಇಲ್ಲದವರು ಮಾಡಿರುವ ಈ ಅರ್ಥವ್ಯತ್ಯಾಸದಲ್ಲಿ ದೊಡ್ಡ ತಿಳಿವಳಿಕೆ ಇದೆ ಅಂತ ನನಗೆ ಅನ್ನಿಸುತ್ತದೆ.

*ಐದು ಶನಿವಾರ*

ಈಗ ಆ ಮನೆಯ ವಿಷಯ. ಏಳೆಂಟು ವರ್ಷದ ಹಿಂದಿನದು. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಓದಿನಲ್ಲಿ ಸಾಧಾರಣ, ಅಕ್ಷರ ಮಾತ್ರ ಮುತ್ತಿನ ಹಾಗೆ. ಜುಲೈ ತಿಂಗಳಲ್ಲಿ ದಿನಾ ತಡವಾಗಿ ಬರಲು ಶುರುಮಾಡಿದಳು. ಒಂದು ದಿನ ನಾನು ಪಾಠದ ಮಧ್ಯೆ ಇದ್ದೆ, ಅವಳು ಬಾಗಿಲಲ್ಲಿ ನಿಂತಳು. ‘ಏನಮ್ಮ, ಮಹಾರಾಣಿಯವರ ಸವಾರಿ ಈಗ ಬಂತಾ?’ ಅಂದೆ. ತರಗತಿ ಗೊಳ್ ಅಂತು. ಅವಳೂ ನಗುತ್ತಾಳೆ ಅಂದುಕೊಂಡೆ. ಅವಳು ತಲೆ ತಗ್ಗಿಸಿಕೊಂಡು ಹೋಗಿ ಕೂತಳು. ಮಧ್ಯಾಹ್ನ ಊಟದ ಸಾಲಿನಲ್ಲಿ ಯಾರೋ ಹುಡುಗರು ‘ಮಹಾರಾಣಿಗೆ ದಾರಿ ಬಿಡ್ರೋ’ ಅಂದರಂತೆ. ಮಾರನೆಯ ದಿನದಿಂದ ಅವಳು ಬರಲಿಲ್ಲ.

ಅವಳ ಊರಿನ ಇನ್ನೊಬ್ಬ ಹುಡುಗಿಯಿಂದ ವಿಷಯ ತಿಳಿಯಿತು. ಕಡಲೆಕಾಯಿ ಹೊಲಗಳಲ್ಲಿ ಕಳೆ ತೆಗೆಯುವ ಕಾಲ. ತಾಯಿ ಬೆಳಕು ಹರಿಯುವ ಮುಂಚೆ ಕೂಲಿಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಮುಖ ತೊಳೆಸಿ, ಮುದ್ದೆ ತಿನ್ನಿಸಿ, ಬಟ್ಟೆ ಬದಲಿಸಿ ಈ ಹುಡುಗಿ ಬಸ್ಸಿಗೆ ಓಡಬೇಕಿತ್ತು. ಬಸ್ಸು ತಪ್ಪಿದರೆ ನಡೆದೇ ಬರಬೇಕಿತ್ತು.

ಕೇಳಿ ನನಗೆ ಸಂಕಟವಾಯಿತು. ‘ಈ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾನೇ ಅವಳ ಮನೆಗೆ ಹೋಗ್ತೀನಿ’ ಅಂತ ತರಗತಿಯಲ್ಲೇ ಹೇಳಿದೆ. ಮನಸ್ಸಿನಲ್ಲೂ ನಿಜವಾಗಿ ಅದೇ ಇತ್ತು. ಮೊದಲ ಶನಿವಾರ ಪ್ರತಿಭಾ ಕಾರಂಜಿಯ ತಯಾರಿ. ಎರಡನೆಯ ಶನಿವಾರ ನಂಟರ ಮನೆಯ ಮದುವೆ. ಮೂರನೆಯ ಶನಿವಾರ ಮಧುಗಿರಿಯಲ್ಲಿ ಸಭೆ. ನಾಲ್ಕನೆಯ ಶನಿವಾರ ಮಗನಿಗೆ ಜ್ವರ. ಐದನೆಯ ಶನಿವಾರ ಯಾವ ಕಾರಣವೂ ಇರಲಿಲ್ಲ. ಸುಸ್ತಾಗಿತ್ತು, ಮನೆಗೆ ಹೋಗಿ ಮಲಗಿದೆ. ಅಟೆಂಡೆನ್ಸ್ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನಾ ಗೈರು ಹಾಕುತ್ತಾ ಹೋದೆ.

ಆರನೆಯ ಶನಿವಾರ ಹೋದೆ. ತಾಯಿ ಮನೆಯಲ್ಲಿದ್ದಳು. ಚಾಪೆ ಹಾಸಿ, ‘ಕುತ್ಕಳಿ ಮಿಸ್’ ಅಂದು ನೀರು ಕೊಟ್ಟಳು. ಹುಡುಗಿ ಇರಲಿಲ್ಲ. ಶಿರಾದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದಳು, ಚಿಕ್ಕಮ್ಮನ ಎಳೆಮಗು ನೋಡಿಕೊಳ್ಳಲು. ‘ಅವಳಿಗೆ ನೋವು ಮಾಡಬೇಕು ಅಂತ ಅಂದಿದ್ದಲ್ಲಮ್ಮ’ ಅಂದೆ. ‘ಅವತ್ತೇ ಬರಬೇಕು ಅಂತಿದ್ದೆ, ಆಗಲೇ ಇಲ್ಲ’ ಅಂದೆ.

ಆ ತಾಯಿ ಕೋಪ ಮಾಡಿಕೊಳ್ಳಲಿಲ್ಲ. ನೆಲ ನೋಡುತ್ತಾ ಹೇಳಿದಳು: ‘ನೀವು ಬೇಕಂತ ಅಂದಿಲ್ಲ ಬಿಡಿ ಮಿಸ್, ನಮ್ಗೂ ಗೊತ್ತು. ತಮಾಸೆಗೆ ಅಂದಿರ್ತೀರ. ಅದ್ಕೆ ಅವ್ಳು ನಾಕ್ ದಿನ ಅತ್ಲು, ಆಮೇಲೆ ಸುಮ್ನಾದ್ಲು. ಆದ್ರೆ ಮಿಸ್ ಬತ್ತಾರಂತೆ ಅಂತ ಶನಿವಾರ ಬಂದ್ರೆ ಸಾಕು, ಬಸ್ಸಿನ್ ಹೊತ್ಗೆ ರೋಡ್ ಕಡೆನೇ ನೋಡ್ತಾ ಕುಂತಿರೋಳು. ನಾಕು ಶನಿವಾರ ನೋಡಿದ್ಲು.’

ಬಂಧುಗಳೇ, ಅವಳು ಕಾಯದೇ ಇದ್ದ ಶನಿವಾರ ಐದನೆಯದು. ನನಗೆ ಕಾರಣವೇ ಇಲ್ಲದ ಶನಿವಾರವೂ ಅದೇ.

*ನೋಡದೆ ಕೂತದ್ದು*

ಬುದ್ಧರು ಕರ್ಮ ಎಂದರೆ ಏನು ಅನ್ನುವುದಕ್ಕೆ ಕೊಟ್ಟ ವಿವರಣೆ ನಮಗೆಲ್ಲ ಗೊತ್ತಿದೆ. ಅಂಗುತ್ತರ ನಿಕಾಯದ ಆರರ ವಿಭಾಗದಲ್ಲಿ ಬರುವ ನಿಬ್ಬೇಧಿಕ ಸುತ್ತದಲ್ಲಿ, ‘ಚೇತನಾ’ವನ್ನೇ ತಾವು ಕರ್ಮ ಎಂದು ಕರೆಯುವುದಾಗಿ ಅವರು ಹೇಳುತ್ತಾರೆ. ಮನಸ್ಸು ಮೊದಲು ಒಂದರ ಕಡೆ ತಿರುಗುತ್ತದೆ, ಆಮೇಲೆ ದೇಹ, ಮಾತು, ಮನಸ್ಸಿನಿಂದ ಕೆಲಸ ನಡೆಯುತ್ತದೆ. ಇದನ್ನು ಕೇಳಿದಾಗ ನಮಗೆ ಸಮಾಧಾನವಾಗುತ್ತದೆ. ಉದ್ದೇಶ ಒಳ್ಳೆಯದಿದ್ದರೆ ಸಾಕು, ನಾನು ತಪ್ಪಿತಸ್ಥಳಲ್ಲ ಅಂತ.

ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆಯಲ್ಲಿ ಬರುವ ಚಕ್ಖುಪಾಲ ಥೇರರ ಕಥೆಯನ್ನೂ ನಾವು ಹೀಗೇ ಬಳಸುತ್ತೇವೆ. ಕುರುಡರಾಗಿದ್ದ ಆ ಥೇರರು ನಡೆದಾಡುವಾಗ ಕಾಲಡಿ ಹುಳುಗಳು ಸತ್ತವು. ಭಿಕ್ಖುಗಳು ದೂರು ತಂದರು. ಅವರು ಕೊಂದದ್ದನ್ನು ನೀವು ಕಂಡಿರಾ ಎಂದು ಬುದ್ಧರು ಕೇಳಿದರು. ಇಲ್ಲ ಅಂದರು. ಅವರೂ ಹಾಗೆಯೇ ಹುಳುಗಳನ್ನು ಕಾಣಲಿಲ್ಲ, ಕೊಲ್ಲುವ ಚೇತನಾ ಅವರಲ್ಲಿಲ್ಲ ಎಂದು ಬುದ್ಧರು ತಿಳಿಸಿದರು.

ನಾನೂ ಬಹಳ ದಿನ ಚಕ್ಖುಪಾಲರ ಮರೆಯಲ್ಲಿ ನಿಂತಿದ್ದೆ. ಆಮೇಲೆ ವಿನಯ ಪಿಟಕದ ಇನ್ನೊಂದು ಪ್ರಸಂಗ ಓದಿದೆ. ಭಿಕ್ಷೆಗೆ ಹೋದ ಒಬ್ಬ ಭಿಕ್ಖು ಒಂದು ಮನೆಯಲ್ಲಿ ಪೀಠದ ಮೇಲೆ ಕೂತರು. ಅದರ ಮೇಲೆ ಬಟ್ಟೆ ಮುಚ್ಚಿ ಮಗುವನ್ನು ಮಲಗಿಸಿದ್ದರು. ಮಗು ಸತ್ತಿತು. ಬುದ್ಧರು ವಿಚಾರಿಸಿದರು. ಕೊಲ್ಲುವ ಉದ್ದೇಶ ಇರಲಿಲ್ಲ, ಆದ್ದರಿಂದ ಕೊಲೆಯ ಪಾರಾಜಿಕ ದೋಷ ಇಲ್ಲ ಎಂದರು. ಆದರೆ ಅಲ್ಲಿಗೇ ಬಿಡಲಿಲ್ಲ. ಇನ್ನು ಮುಂದೆ ಪೀಠವನ್ನು ನೋಡದೆ ಯಾರೂ ಕೂರಬಾರದು, ಹಾಗೆ ಕೂತರೆ ಅದೇ ಒಂದು ದೋಷ ಎಂದು ನಿಯಮ ಮಾಡಿದರು.

ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚಕ್ಖುಪಾಲರಿಗೆ ಕಣ್ಣಿರಲಿಲ್ಲ. ಪೀಠದ ಮೇಲೆ ಕೂತ ಭಿಕ್ಖುವಿಗೆ ಕಣ್ಣಿತ್ತು, ನೋಡಲಿಲ್ಲ. ಉದ್ದೇಶ ಇಬ್ಬರಿಗೂ ಇರಲಿಲ್ಲ. ಆದರೆ ಎರಡನೆಯವರಿಗೆ ‘ನೋಡಬಹುದಿತ್ತು’ ಅನ್ನುವ ಮಾತು ಅನ್ವಯಿಸುತ್ತದೆ. ತರಗತಿಯಲ್ಲಿ ನನಗೂ ಕಣ್ಣಿತ್ತು. ಒದ್ದೆ ಲಂಗ, ಕೆದರಿದ ತಲೆ, ಓಡಿಬಂದ ಏದುಸಿರು ಎಲ್ಲವೂ ಬಾಗಿಲಲ್ಲೇ ಇದ್ದವು. ನಾನು ನೋಡದೆ ಮಾತಾಡಿದೆ. ನೋವು ಮಾಡುವ ಉದ್ದೇಶ ಇರಲಿಲ್ಲ ಅನ್ನುವುದು ನಿಜ. ನಗಿಸುವ ಉದ್ದೇಶ ಇತ್ತು ಅನ್ನುವುದೂ ನಿಜ. ಅದನ್ನು ಅವಳನ್ನು ಬಳಸಿಕೊಂಡು ಮಾಡಿದೆ.

ಚಿಕ್ಕದು ಅಂತ ತಳ್ಳಿಹಾಕಬೇಡಿ. ಕನ್ನಡ ಓದಿದವರಿಗೆ ಜನ್ನನ ‘ಯಶೋಧರ ಚರಿತೆ’ ಗೊತ್ತು. 1209ರ ಕಾವ್ಯ. ತಾಯಿಯ ಮಾತಿಗೆ ಮಣಿದ ರಾಜ ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಜೀವ ಹೋಗದಿರಲಿ ಅಂತಲೇ ಹಿಟ್ಟಿನದು ಮಾಡಿಸಿದ್ದು. ಆದರೂ ಆ ಸಂಕಲ್ಪಹಿಂಸೆಯ ಫಲ ಜನ್ಮಜನ್ಮಕ್ಕೂ ಬೆನ್ನು ಹತ್ತುತ್ತದೆ ಎನ್ನುತ್ತದೆ ಜೈನ ಕಥೆ. ಜನ್ಮಾಂತರದ ಮಾತು ಹಾಗಿರಲಿ. ಮನಸ್ಸು ಯಾವ ಕಡೆ ಚಾಚಿಕೊಂಡಿತು ಅನ್ನುವುದನ್ನು ನಮ್ಮ ಹಿರಿಯರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಅನ್ನುವುದು ಇದರಿಂದ ತಿಳಿಯುತ್ತದೆ. ಉದ್ದೇಶ ಅನ್ನುವುದು ಅವರಿಗೆ ತಪ್ಪಿಸಿಕೊಳ್ಳುವ ಬಾಗಿಲಾಗಿರಲಿಲ್ಲ, ಲೆಕ್ಕ ಒಪ್ಪಿಸಬೇಕಾದ ಜಾಗವಾಗಿತ್ತು.

*ಬಂಡೆಯ ಮೇಲಿನ ಒಪ್ಪಿಗೆ*

ಇದು ಮಾಡಬಾರದ್ದನ್ನು ಮಾಡಿದ್ದರ ಮಾತಾಯಿತು. ಮಾಡಬೇಕಾದ್ದನ್ನು ಮಾಡದೇ ಉಳಿದದ್ದರ ಗತಿಯೇನು? ‘ಬರಬೇಕು ಅಂತಿದ್ದೆ’ ಅನ್ನುವುದಕ್ಕೆ ಏನು ಬೆಲೆ?

ಇದಕ್ಕೆ ಉತ್ತರ ದೂರದಲ್ಲಿಲ್ಲ. ಪಾವಗಡದಿಂದ ಉತ್ತರಕ್ಕೆ ಹೋದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಅದರಲ್ಲಿ ಅಶೋಕ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ, ಸಂಘದ ಹತ್ತಿರ ಹೋದ ಮೇಲಿನ ವರ್ಷಕ್ಕೂ ಮಿಕ್ಕಿದ ಕಾಲದಲ್ಲಿ ಚೆನ್ನಾಗಿ ಶ್ರಮಿಸಿದೆ ಎಂದು.

ಇಷ್ಟು ದೊಡ್ಡ ಚಕ್ರವರ್ತಿ. ‘ನನ್ನ ಉದ್ದೇಶ ಮೊದಲಿನಿಂದಲೂ ಒಳ್ಳೆಯದಿತ್ತು, ರಾಜ್ಯದ ಕೆಲಸ ಜಾಸ್ತಿ ಇತ್ತು’ ಅಂತ ಬರೆಸಬಹುದಿತ್ತು. ಬೇಡ ಅನ್ನುವವರು ಯಾರು? ಅವನು ಉದ್ದೇಶದ ಮಾತೇ ಎತ್ತದೆ, ಶ್ರಮಿಸಲಿಲ್ಲ ಅಂತ ಬಂಡೆಯ ಮೇಲೆ ಕೆತ್ತಿಸಿದ. ಶಾಸನದ ಉದ್ದೇಶವನ್ನೂ ಅಲ್ಲೇ ಹೇಳಿದ್ದಾನೆ. ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಶ್ರಮಿಸಿದರೆ ಫಲ ಪಡೆಯಬಹುದು, ಎಲ್ಲರೂ ಹೀಗೆ ಶ್ರಮಿಸಲಿ ಅಂತ. ಉದ್ದೇಶ ಅನ್ನುವುದಕ್ಕೆ ಅಲ್ಲಿ ಬಳಸಿರುವುದು ‘ಅರ್ಥ’ ಪದದ ಪ್ರಾಕೃತ ರೂಪ. ‘ಸಹಾಯಾರ್ಥ ನಾಟಕ’ ಅಂತ ನಮ್ಮ ಕರಪತ್ರಗಳಲ್ಲಿ ಇರುತ್ತದಲ್ಲ, ಆ ಅರ್ಥವೇ. ಯಾವುದಕ್ಕಾಗಿ ಮಾಡುತ್ತೇವೋ ಅದೇ ನಮ್ಮ ಕೆಲಸದ ಅರ್ಥ. ಮಾಡದೇ ಇದ್ದರೆ ಅರ್ಥವೂ ಇಲ್ಲ.

ಬಾಬಾಸಾಹೇಬರನ್ನು ನೆನೆಯಿರಿ. ಹಿಂದೂವಾಗಿ ಸಾಯುವುದಿಲ್ಲ ಎಂಬ ತೀರ್ಮಾನವನ್ನು ಅವರು 1935ರ ಅಕ್ಟೋಬರ್‌ನಲ್ಲಿ ಯೇವಲೆಯಲ್ಲಿ ಪ್ರಕಟಿಸಿದರು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಆ 21 ವರ್ಷ ಅವರು ‘ಅಂದುಕೊಂಡಿದ್ದೆ’ ಅನ್ನಲಿಲ್ಲ. ಓದಿದರು, ಹೋಲಿಸಿದರು, ಚರ್ಚಿಸಿದರು, ಬರೆದರು. ಸಂವಿಧಾನದ ಕೆಲಸ, ಮಂತ್ರಿ ಪದವಿ, ಕಾಯಿಲೆ ಎಲ್ಲದರ ನಡುವೆಯೂ ಆ ತೀರ್ಮಾನ ಸಡಿಲವಾಗಲಿಲ್ಲ. ಹಗ್ಗ ಬಿಗಿಯಾಗಿಟ್ಟ ಡೇರೆ ಮಾತ್ರ ಗಾಳಿಗೆ ನಿಲ್ಲುತ್ತದೆ. ದೀಕ್ಷೆಯಾಗಿ ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ಕ್ಕೆ ಅವರು ಹೋದರು. ಇನ್ನೊಂದಿಷ್ಟು ದಿನ ಮುಂದೂಡಿದ್ದರೆ ನಮಗೆ ಉಳಿಯುತ್ತಿದ್ದದ್ದು ಒಂದು ಭೂತಕಾಲದ ವಾಕ್ಯ ಮಾತ್ರ.

ಸಮ್ಮಾ ಸಂಕಪ್ಪದಲ್ಲಿ ಮೂರು ಬಗೆ ಹೇಳುತ್ತಾರೆ: ಬಿಡುವ ಸಂಕಲ್ಪ, ದ್ವೇಷವಿಲ್ಲದ ಸಂಕಲ್ಪ, ಹಿಂಸೆಯಿಲ್ಲದ ಸಂಕಲ್ಪ. ಅದೇ ಮಾರ್ಗದಲ್ಲಿ ಮುಂದೆ ಸಮ್ಯಕ್ ವಾಚಾ, ಸಮ್ಯಕ್ ಕರ್ಮ, ಸಮ್ಯಕ್ ವ್ಯಾಯಾಮ ಇವೆ. ಸಂಕಲ್ಪ ಒಂದೇ ಸಾಕಾಗಿದ್ದರೆ ಎಂಟು ಅಂಗ ಯಾಕೆ ಬೇಕಿತ್ತು?

*ವಾಕ್ಯ ತಿದ್ದುವುದು*

ನಾನು ಇಷ್ಟರಿಂದ ಕಲಿತದ್ದು ಒಂದೇ ಮಾತು. ಬುದ್ಧರು ಹೇಳುವ ಚೇತನಾ ಈಗಿನದು, ಕೈಯನ್ನೋ ಬಾಯನ್ನೋ ಕಾಲನ್ನೋ ಈ ಕ್ಷಣ ಕದಲಿಸುವಂಥದ್ದು. ಕೆಲಸ ಕೆಟ್ಟ ಮೇಲೆ ನಾವು ಹಿಂದಕ್ಕೆ ತಿರುಗಿ ‘ನನ್ನ ಉದ್ದೇಶ ಹೀಗಿತ್ತು’ ಅನ್ನುತ್ತೇವಲ್ಲ, ಅದು ಚೇತನಾ ಅಲ್ಲ, ಸಮಜಾಯಿಷಿ. ವ್ಯಾಕರಣದಲ್ಲಿ ಎರಡೂ ಒಂದೇ ಕ್ರಿಯಾಪದ. ಬದುಕಿನಲ್ಲಿ ಎರಡೂ ಬೇರೆ.

ಆದ್ದರಿಂದ ಮೇಷ್ಟ್ರು ಮಕ್ಕಳ ನೋಟ್‌ಬುಕ್ ತಿದ್ದುವ ಹಾಗೆ ನಾನು ನನ್ನ ಎರಡು ವಾಕ್ಯ ತಿದ್ದಿಕೊಂಡೆ.

‘ನೋವು ಮಾಡಬೇಕು ಅಂತ ಅಂದಿದ್ದಲ್ಲ’ ಅನ್ನುವುದನ್ನು ‘ನೋಡದೆ ಅಂದೆ, ತಪ್ಪಾಯಿತು’ ಅಂತ.
‘ಬರಬೇಕು ಅಂತಿದ್ದೆ’ ಅನ್ನುವುದನ್ನು ‘ಬರಲಿಲ್ಲ, ತಪ್ಪಾಯಿತು’ ಅಂತ.

ಆ ಮನೆಯಿಂದ ಹೊರಡುವಾಗ ‘ಮುಂದಿನ ವಾರ ಶಿರಾಗೆ ಹೋಗ್ತೀನಿ’ ಅಂತ ಹೇಳಲು ಬಾಯಿ ತೆರೆದಿದ್ದೆ. ಹೇಳಲಿಲ್ಲ. ವಿಳಾಸ ಬರೆದುಕೊಂಡು ಮಾರನೆಯ ದಿನ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಅವಳು ಸೊಂಟದ ಮೇಲೆ ಮಗು ಇಟ್ಟುಕೊಂಡು ಬಾಗಿಲಿಗೆ ಬಂದಳು. ಅಳಲಿಲ್ಲ, ನಗಲೂ ಇಲ್ಲ. ತಿದ್ದಿದ ಆ ಎರಡು ವಾಕ್ಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದಳು: ‘ಮಿಸ್, ಅಟೆಂಡೆನ್ಸ್‌ನಾಗೆ ನನ್ ಹೆಸ್ರು ಇನ್ನೂ ಐತಾ?’

‘ಐತೆ ಕಣಮ್ಮ’ ಅಂದೆ.

ಚಿಕ್ಕಮ್ಮನ ಮನೆಯ ತೊಂದರೆ ಮುಗಿದು ಅವಳು ಊರಿಗೆ ಬರುವ ಹೊತ್ತಿಗೆ ಆ ವರ್ಷದ ಪಾಠಗಳು ಮುಗಿಯುತ್ತಾ ಬಂದಿದ್ದವು. ಮುಂದಿನ ಜೂನ್‌ನಲ್ಲಿ ಮತ್ತೆ ಒಂಬತ್ತನೇ ತರಗತಿಗೇ ಬಂದು ಕೂತಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಅವಳು ಬಂದಳು ಅಂತ ಸಂತೋಷಪಡುತ್ತೇನೆ. ಆದರೆ ಅವಳ ಜೊತೆಯವರೆಲ್ಲ ಒಂದು ವರ್ಷ ಮುಂದೆ ಹೋದರು. ಆ ವರ್ಷ ಅವಳದು. ನನ್ನ ಎಷ್ಟು ಒಳ್ಳೆಯ ಉದ್ದೇಶವನ್ನು ಕೂಡಿಟ್ಟರೂ ಅದನ್ನು ವಾಪಸ್ ಕೊಡಲು ಆಗುವುದಿಲ್ಲ.

*ಇಂದಿನ ಅಭ್ಯಾಸ*

ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಬುದ್ಧರು ಮಗ ರಾಹುಲನಿಗೆ ಕನ್ನಡಿಯ ಹೋಲಿಕೆ ಕೊಟ್ಟು ಹೇಳಿದ್ದಾರೆ. ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ಮೂರು ಸಲವೂ ನೋಡಿಕೊಳ್ಳಬೇಕು, ಇದರಿಂದ ನನಗೋ ಇತರರಿಗೋ ನೋವಾಗುತ್ತದೆಯೇ ಅಂತ. ನಾವು ಮೂರನೆಯದನ್ನು ಮಾತ್ರ, ಅದೂ ತಪ್ಪಿಸಿಕೊಳ್ಳಲು ಮಾಡುತ್ತೇವೆ. ಇಂದು ಇಷ್ಟು ಮಾಡೋಣ.

1. ಮಾತಾಡುವ ಮುಂಚೆ ಎದುರಿಗಿರುವವರನ್ನು ಒಂದು ಕ್ಷಣ ನೋಡೋಣ. ಪೀಠದ ಮೇಲೆ ಮಗು ಇರಬಹುದು.

2. ಇಂದು ಯಾರಿಗಾದರೂ ‘ಮಾಡಬೇಕು ಅಂತಿದ್ದೆ’ ಅನ್ನುವ ಸಂದರ್ಭ ಬಂದರೆ, ‘ಮಾಡಲಿಲ್ಲ’ ಅಂತ ಹೇಳಿ ನೋಡೋಣ. ಕಷ್ಟವಾಗುತ್ತದೆ. ಆ ಕಷ್ಟದಲ್ಲೇ ಅಭ್ಯಾಸ ಇದೆ.

3. ಬಹಳ ದಿನದಿಂದ ‘ಹೋಗಬೇಕು’, ‘ಕೇಳಬೇಕು’, ‘ಕೊಡಬೇಕು’ ಅಂತ ಮನಸ್ಸಿನಲ್ಲಿರುವ ಒಂದು ಕೆಲಸ ನೆನಪಿಸಿಕೊಳ್ಳೋಣ. ಅದಕ್ಕೆ ದಿನ ಮತ್ತು ಹೊತ್ತು ಗೊತ್ತುಮಾಡೋಣ. ಬಸ್ಸಿನಲ್ಲಿ ಹೋಗುವುದಾದರೆ ಎಷ್ಟು ಗಂಟೆಯ ಬಸ್ಸು ಅಂತ ವಿಚಾರಿಸಿಬಿಡೋಣ.

ನಮ್ಮ ತಾಲ್ಲೂಕುಗಳ ಯಾವುದೋ ಊರಿನಲ್ಲಿ ಯಾರೋ ಒಬ್ಬರು ಬಸ್ಸಿನ ಹೊತ್ತಿಗೆ ನಮಗಾಗಿ ರಸ್ತೆ ನೋಡುತ್ತಿರಬಹುದು. ನಾಲ್ಕನೆಯ ಶನಿವಾರ ದಾಟುವ ಮುಂಚೆ ಹೋಗೋಣ.

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏

(ನಾಳೆಯ ಚಿಂತನೆ: ಸಮ್ಮಾ ವಾಚಾ. ಓದಿದವರು ತಮ್ಮ ಊರಿನ ಗುಂಪುಗಳಿಗೂ ಕಳಿಸಿ.)